ಆಸ್ಪತ್ರೆಯಿಂದ ‘ಹಳೇ ಬಾಕಿ’ ಅಂತ ಫೋನ್ ಬಂತೇ? ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಎರಡು ವರ್ಷದ ಹಿಂದೆ ಅಪ್ಪನಿಗೆ ಆಪರೇಷನ್ ಆಗಿತ್ತು ಅಂದುಕೊಳ್ಳಿ. ಇನ್ಶೂರೆನ್ಸ್ ಇತ್ತು, ‘ಕ್ಯಾಶ್‌ಲೆಸ್ ಆಗಿದೆ’ ಅಂತ ಹೇಳಿ ಡಿಸ್ಚಾರ್ಜ್ ಮಾಡಿ ಕಳಿಸಿದ್ದರು. ಈಗ ಬೆಳಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಫೋನ್: ‘ಇನ್ಶೂರೆನ್ಸ್‌ನವರು 38 ಸಾವಿರ ಕೊಟ್ಟಿಲ್ಲ, ನೀವೇ ಕಟ್ಟಬೇಕು.’ ಇಂಥ ಹೊತ್ತಲ್ಲಿ ಕೆಲವರು ಮರ್ಯಾದೆಗೆ ಅಂಜಿ ಕೂಡಲೇ ಹಣ ಹಾಕಿಬಿಡುತ್ತಾರೆ, ಕೆಲವರು ನಂಬರ್ ಬ್ಲಾಕ್ ಮಾಡುತ್ತಾರೆ. ಎರಡೂ ತಪ್ಪು. ಕಂಪನಿ ಆ ಹಣ ಯಾಕೆ ಕೊಡಲಿಲ್ಲ ಅನ್ನುವುದು ಮೊದಲು ಗೊತ್ತಾಗಬೇಕು.

ಅದಕ್ಕೆ ಮೂರು ಕಾಗದ ಬೇಕು: ಒಂದೊಂದು ಖರ್ಚನ್ನೂ ಬಿಡಿಸಿ ಬರೆದ ಬಿಲ್, ಡಿಸ್ಚಾರ್ಜ್ ಸಮರಿ, ಇನ್ಶೂರೆನ್ಸ್ ಕಂಪನಿಯ ಸೆಟಲ್‌ಮೆಂಟ್ ಪತ್ರ. ಮೂರನೆಯದು ಬಹಳ ಮುಖ್ಯ. ಎಷ್ಟು ಮಂಜೂರಾಯ್ತು, ಯಾವುದಕ್ಕೆ ಎಷ್ಟು ಕಡಿತ, ಕಾರಣ ಏನು ಎಲ್ಲವೂ ಅದರಲ್ಲೇ ಇರುತ್ತದೆ. ಚಿಕಿತ್ಸೆಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯಕೀಯ ಮಂಡಳಿಯ 2002ರ ನಿಯಮ ಹೇಳುತ್ತದೆ. ಅದೇ ನಿಯಮದಲ್ಲಿ ಒಳರೋಗಿಗಳ ದಾಖಲೆ ಇಟ್ಟುಕೊಳ್ಳಬೇಕಾದ ಅವಧಿ 3 ವರ್ಷ. ಹಾಗಾಗಿ ತಡ ಮಾಡಬೇಡಿ. ಅರ್ಜಿ ಬರೆಯುವಾಗ ‘ಈ ಬಾಕಿಯನ್ನು ನಾನು ಒಪ್ಪಿಲ್ಲ, ವಿವರ ಮಾತ್ರ ಕೇಳುತ್ತಿದ್ದೇನೆ’ ಎಂಬ ಒಂದು ಸಾಲು ಇರಲಿ. ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಎಷ್ಟೋ ಸಲ ತಪ್ಪು ಸಣ್ಣದೇ ಇರುತ್ತದೆ. ರಿನ್ಯೂವಲ್ ಆದ ಪಾಲಿಸಿಯ ಬದಲು ಹಳೇ ನಂಬರ್ ಹಾಕಿ ಕಳಿಸಿರುತ್ತಾರೆ. ಆಧಾರ್‌ನಲ್ಲಿ ಒಂದು ಹೆಸರು, ಪಾಲಿಸಿಯಲ್ಲಿ ಇನ್ನೊಂದು. ಕಂಪನಿ ಕೇಳಿದ ಪ್ರಶ್ನೆಗೆ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್ ಉತ್ತರ ಕೊಡದೆ ಫೈಲ್ ಮುಚ್ಚಿಹೋಗಿರುತ್ತದೆ. ‘1 ವರ್ಷದಿಂದ ಬಿಪಿ’ ಎಂದು ಬರೆಯಬೇಕಾದಲ್ಲಿ ‘10 ವರ್ಷದಿಂದ’ ಎಂದು ಬಿದ್ದರೆ ಮೊದಲೇ ಇದ್ದ ಕಾಯಿಲೆ ಮುಚ್ಚಿಟ್ಟಿದ್ದೀರಿ ಅನ್ನುವ ಆರೋಪವೇ ಬರುತ್ತದೆ! ಇಂಥದ್ದಕ್ಕೆಲ್ಲ ವೈದ್ಯರ ಸಹಿ, ಆಸ್ಪತ್ರೆಯ ಸೀಲ್ ಇರುವ ತಿದ್ದುಪಡಿ ಪತ್ರ ಪಡೆದು ಮತ್ತೆ ಕಳಿಸುವಂತೆ ಕೇಳಬೇಕು. ತಡವಾಗಿದೆ ಅನ್ನುವ ಒಂದೇ ಕಾರಣಕ್ಕೆ ನಿಜವಾದ ಕ್ಲೇಮ್ ತಿರಸ್ಕರಿಸಬಾರದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2011ರಲ್ಲೇ ಸುತ್ತೋಲೆ ಹೊರಡಿಸಿದೆ.

ರೂಂ ಬಾಡಿಗೆಯ ಲೆಕ್ಕ ಮಾತ್ರ ಸ್ವಲ್ಪ ಬೇರೆ. 3 ಲಕ್ಷದ ಪಾಲಿಸಿ, ದಿನಕ್ಕೆ ಶೇ. 1 ಅಂದರೆ 3 ಸಾವಿರದ ಮಿತಿ, ನೀವಿದ್ದ ರೂಮಿಗೆ 6 ಸಾವಿರ. ಆಗ ಬಾಡಿಗೆಯಷ್ಟೇ ಅಲ್ಲ, ವೈದ್ಯರ ಫೀಸು, ಆಪರೇಷನ್ ಥಿಯೇಟರ್ ಖರ್ಚೂ ಅರ್ಧಕ್ಕೆ ಇಳಿಯಬಹುದು. ಪಾಲಿಸಿಯಲ್ಲಿ ಹಾಗೆ ಬರೆದಿದ್ದರೆ ಅದು ನಿಮ್ಮ ಬಾಕಿಯೇ. ಆದರೆ ಔಷಧಿ, ಸ್ಟೆಂಟ್‌ನಂಥ ಇಂಪ್ಲಾಂಟ್, ರಕ್ತಪರೀಕ್ಷೆ, ಸ್ಕ್ಯಾನಿಂಗ್‌ಗಳಿಗೆ ಈ ಲೆಕ್ಕದಲ್ಲಿ ಕತ್ತರಿ ಹಾಕುವಂತಿಲ್ಲ. ಸೆಟಲ್‌ಮೆಂಟ್ ಪತ್ರದಲ್ಲಿ ಅವೂ ಅರ್ಧಕ್ಕಿಳಿದಿದ್ದರೆ ದೂರು ಕೊಡಿ.

ಕಂಪನಿಯದ್ದೇ ತಪ್ಪು ಅಂತ ಕಂಡರೆ ಮೊದಲು ಅದರ ದೂರು ವಿಭಾಗಕ್ಕೆ ಬರೆಯಿರಿ. ಬಿಮಾ ಭರೋಸಾ ಪೋರ್ಟಲ್ ಅಥವಾ 155255 ಸಂಖ್ಯೆಯಲ್ಲೂ ದಾಖಲಿಸಬಹುದು. ಒಂದು ತಿಂಗಳಾದರೂ ಉತ್ತರವಿಲ್ಲ, ಅಥವಾ ಬಂದ ಉತ್ತರ ಒಪ್ಪಿಗೆಯಾಗಲಿಲ್ಲ ಅಂದರೆ ಬೆಂಗಳೂರು ಜೆ.ಪಿ. ನಗರದ ಜೀವನ್ ಸೌಧದಲ್ಲಿರುವ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ, 50 ಲಕ್ಷದವರೆಗಿನ ವ್ಯಾಜ್ಯ ನೋಡುತ್ತಾರೆ. ಗಡುವು 1 ವರ್ಷ. ಆಸ್ಪತ್ರೆಯ ಬೇಜವಾಬ್ದಾರಿಯಿಂದ ಕ್ಲೇಮ್ ಬಿದ್ದುಹೋಗಿದ್ದರೆ ದಾರಿ ಜಿಲ್ಲಾ ಗ್ರಾಹಕ ಆಯೋಗ. ಅಲ್ಲಿ 2 ವರ್ಷ.

ಈಗ ಆ ಸಾಲಿನ ವಿಷಯ. ಹಣ ವಸೂಲಿಗೆ ದಾವೆ ಹೂಡಲು ಆಸ್ಪತ್ರೆಗೆ ಸಾಮಾನ್ಯವಾಗಿ 3 ವರ್ಷದ ಕಾಲಮಿತಿ ಇದೆ. ‘ಸದ್ಯಕ್ಕೆ ಒಂದು ಸಾವಿರ ಹಾಕಿ, ಇಲ್ಲೊಂದು ಸಹಿ ಮಾಡಿ, ಉಳಿದದ್ದು ಆಮೇಲೆ ನೋಡೋಣ’ ಅನ್ನುವ ಮಾತಿಗೆ ಒಪ್ಪಿದರೆ ಆ 3 ವರ್ಷ ಅವತ್ತಿಂದ ಮತ್ತೆ ಶುರು. ಅವಧಿ ಮುಗಿದ ಮೇಲೂ ‘ಕಟ್ಟುತ್ತೇನೆ’ ಎಂದು ಬರೆದು ಸಹಿ ಹಾಕಿದರೆ ಅದು ಹೊಸ ಕರಾರಾಗುತ್ತದೆ. ಕಾಗದ ಓದದೆ ಪೆನ್ ಹಿಡಿಯಬೇಡಿ.

‘ಸಿಬಿಲ್ ಹಾಳಾಗುತ್ತೆ, ಅಂಗಡಿ ಲೋನ್ ಸಿಗಲ್ಲ’ ಎಂದೂ ಹೆದರಿಸುತ್ತಾರೆ. ಸಿಬಿಲ್‌ಗೆ ಮಾಹಿತಿ ಹೋಗುವುದು ಬ್ಯಾಂಕ್, ಫೈನಾನ್ಸ್‌ನಂಥ ಸಾಲ ಕೊಡುವ ಸಂಸ್ಥೆಗಳಿಂದ. ಆಸ್ಪತ್ರೆಯ ಬರೀ ಬಿಲ್ ಅಲ್ಲಿಗೆ ಹೋಗುವುದಿಲ್ಲ. ಚಿಕಿತ್ಸೆಗೆಂದು ಫೈನಾನ್ಸ್ ಕಂಪನಿಯಿಂದ ಇಎಂಐ ಮಾಡಿಸಿದ್ದರೆ ಮಾತ್ರ ಹುಷಾರು, ಅದು ಸಾಲವೇ.

ಎಲ್ಲ ನೋಡಿದ ಮೇಲೂ ಬಾಕಿ ನಿಜ ಅಂತ ಕಂಡರೆ ಸೂಪರಿಂಟೆಂಡೆಂಟ್ ಬಳಿ ರಿಯಾಯಿತಿ ಕೇಳಿ, ಕೇಳುವುದರಲ್ಲಿ ನಾಚಿಕೆ ಏನಿಲ್ಲ. ಫೋನ್ ಮಾಡಿದವರ ಸ್ವಂತ ನಂಬರಿಗೆ ಹಣ ಹಾಕಬೇಡಿ. ಆಸ್ಪತ್ರೆ ಹೆಸರಿನ ಖಾತೆಗೇ ಕಟ್ಟಿ, ರಸೀದಿ ಜೊತೆಗೆ ‘ಬಾಕಿ ಇಲ್ಲ’ ಎಂಬ ಪತ್ರವನ್ನೂ ಸೀಲ್ ಹಾಕಿಸಿಕೊಂಡು ಬನ್ನಿ.