ಪೇಸ್‌ಮೇಕರ್ ಇದ್ದವರಿಗೆ ಅಬ್ಲೇಷನ್: ನಲವತ್ತು ವರ್ಷಗಳಲ್ಲಿ ಕಲಿತದ್ದು

ಎದೆಯೊಳಗೆ ಪೇಸ್‌ಮೇಕರ್ ಇರುವವರಿಗೆ ಅಬ್ಲೇಷನ್ ಮಾಡಿಸಬಹುದೇ? ಚಂದಕವಾಡಿ, ಗುಂಡ್ಲುಪೇಟೆ ಕಡೆಯಿಂದ ಮೈಸೂರಿನ ಜಯದೇವ ಆಸ್ಪತ್ರೆಗೆ ಹೋಗಿಬರುವ ಕುಟುಂಬಗಳಲ್ಲಿ ಈ ಪ್ರಶ್ನೆ ಬೇರೆ ಮಾತಿನಲ್ಲಿ ಬರುತ್ತದೆ: ‘ಒಳಗೆ ಮಿಷನ್ ಕೂತಿದೆ, ಅದರ ಪಕ್ಕದಲ್ಲೇ ಕರೆಂಟ್ ಕೊಟ್ಟರೆ ಏನಾದೀತು?’ ಈ ಅಂಜಿಕೆ ಅಜ್ಞಾನದ್ದಲ್ಲ. ಹೃದಯದ ಬಡಿತ ಸರಿಪಡಿಸುವ ವೈದ್ಯರೂ ಇದೇ ಪ್ರಶ್ನೆ ಹಿಡಿದು ನಾಲ್ಕು ದಶಕ ಕೆಲಸ ಮಾಡಿದ್ದಾರೆ.

ಪೇಸ್‌ಮೇಕರ್ ಹಳೆಯದು. 1958ರಲ್ಲಿ ಸ್ವೀಡನ್ನಿನಲ್ಲಿ ಶಸ್ತ್ರವೈದ್ಯ ಓಕೆ ಸೆನ್ನಿಂಗ್, ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ತಯಾರಿಸಿದ್ದ ಸಾಧನವನ್ನು ಆರ್ನೆ ಲಾರ್ಸನ್ ಎಂಬ ರೋಗಿಯ ದೇಹದೊಳಗೆ ಇಟ್ಟರು. ಮೊದಲನೆಯದು ಕೆಲವೇ ಗಂಟೆ ನಡೆಯಿತು. ಆದರೂ ಒಂದಾದ ಮೇಲೊಂದರಂತೆ ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರ್ ಬದಲಿಸಿಕೊಂಡು ಲಾರ್ಸನ್ 2001ರವರೆಗೆ ಬದುಕಿದರು. ಆ ವೈದ್ಯರೂ ಆ ಎಂಜಿನಿಯರೂ ತೀರಿಕೊಂಡ ಮೇಲೂ.

ಅಬ್ಲೇಷನ್ ಬಂದದ್ದು ಇನ್ನೊಂದು ತೊಂದರೆಗೆ. ಪೇಸ್‌ಮೇಕರ್ ನಿಧಾನವಾದ ಬಡಿತಕ್ಕೆ. ಅಬ್ಲೇಷನ್ ಹಿಡಿತಕ್ಕೆ ಸಿಗದೆ ಓಡುವ ಬಡಿತಕ್ಕೆ. ತೊಡೆಸಂದಿನ ರಕ್ತನಾಳದಿಂದ ಕ್ಯಾತಿಟರ್ ಎಂಬ ತೆಳ್ಳನೆಯ ನಳಿಕೆಯನ್ನು ಹೃದಯಕ್ಕೆ ಏರಿಸಿ, ತಪ್ಪು ಸಂಕೇತ ಹುಟ್ಟುವ ಅಥವಾ ಹರಿಯುವ ಜಾಗವನ್ನು ನಿಷ್ಕ್ರಿಯಗೊಳಿಸುತ್ತಾರೆ. 1980ರ ದಶಕದ ಆರಂಭದಲ್ಲಿ ಅಮೆರಿಕದ ಮೆಲ್ವಿನ್ ಶೈನ್‌ಮನ್ ಮೊದಲಾದವರು ಇದನ್ನು ಮನುಷ್ಯರಲ್ಲಿ ಮಾಡಿದಾಗ ಬಳಸಿದ್ದು ನೇರ ವಿದ್ಯುತ್ ಆಘಾತ. ಹೃದಯದ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಎ.ವಿ. ನೋಡ್ ಎಂಬ ಸೇತುವನ್ನೇ ಅವರು ಕಡಿದರು. ಓಟ ನಿಂತಿತು, ಆದರೆ ಆ ರೋಗಿಗೆ ಇನ್ನು ಜೀವನಪೂರ್ತಿ ಪೇಸ್‌ಮೇಕರ್ ಬೇಕು. ಅಂದರೆ ಈ ಎರಡು ಚಿಕಿತ್ಸೆಗಳು ಮೊದಲ ದಿನದಿಂದಲೇ ಒಂದೇ ಎದೆಯಲ್ಲಿ ಜೊತೆಯಾಗಿದ್ದವು. ಪೇಸ್‌ಮೇಕರ್ ಇದ್ದವರಿಗೆ ಅಬ್ಲೇಷನ್ ಆಗದು ಎಂಬ ಮಾತಿಗೆ ಚರಿತ್ರೆಯಲ್ಲಿ ಆಧಾರವಿಲ್ಲ.

ಅಪಾಯ ಇರಲಿಲ್ಲವೆಂದಲ್ಲ. ಆಘಾತದ ಕಾಲ ಒರಟಾಗಿತ್ತು. 1980ರ ದಶಕದ ಕೊನೆಗೆ ರೇಡಿಯೊ ತರಂಗದ ವಿದ್ಯುತ್ ಬಂದು, ಕ್ಯಾತಿಟರ್ ತುದಿಯ ಸುತ್ತಲಿನ ಕೆಲವೇ ಮಿಲಿಮೀಟರ್ ಅಂಗಾಂಶವನ್ನು 50 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿ ಮಾಡಿ ಸುಡುವುದು ಸಾಧ್ಯವಾಯಿತು. ಆದರೆ ತೊಡಕು ಹುಟ್ಟಿದ್ದು ಪೇಸ್‌ಮೇಕರ್‌ನ ಜಾಣತನದಿಂದಲೇ. ಅದು ಹೃದಯದ ಸ್ವಂತ ಬಡಿತವನ್ನು ಆಲಿಸುತ್ತಾ, ಬಡಿತ ಕೇಳಿಸಿದರೆ ಸುಮ್ಮನಿರುತ್ತದೆ. ಅಬ್ಲೇಷನ್ನಿನ ವಿದ್ಯುತ್ ಸದ್ದನ್ನು ಬಡಿತವೆಂದು ತಪ್ಪಾಗಿ ಕೇಳಿಸಿಕೊಂಡರೆ, ಬೇಕಾದ ಹೊತ್ತಿನಲ್ಲೇ ಮೌನವಾದೀತು. ಎ.ವಿ. ನೋಡ್ ಸುಡುವಾಗ ಸ್ವಂತ ಬಡಿತ ನಿಲ್ಲುವ ಕ್ಷಣವೂ ಅದೇ. ಸೆಟ್ಟಿಂಗ್ ಅಳಿಸಿಹೋಗುವುದು, ತಂತಿ ತಗಲಿರುವ ಜಾಗ ಬಿಸಿಯಾಗಿ ಪೇಸ್‌ಮೇಕರ್‌ನ ಹೊಡೆತ ಹೃದಯಕ್ಕೆ ಮುಟ್ಟದಿರುವುದು ಕೂಡ ವೈದ್ಯ ಸಾಹಿತ್ಯದಲ್ಲಿ ದಾಖಲಾಗಿವೆ. ಶಾಕ್ ಕೊಡುವ ಐಸಿಡಿ ಸಾಧನವಾದರೆ ಅಕಾರಣವಾಗಿ ಶಾಕ್ ಹೊಡೆದೀತು.

ಆದ್ದರಿಂದ ಇಂದು ಅಬ್ಲೇಷನ್ ನಡೆಯುವ ಕ್ಯಾತ್‌ಲ್ಯಾಬ್‌ನಲ್ಲಿ ಮೊದಲ ಕೆಲಸ ಕ್ಯಾತಿಟರ್‌ನದ್ದಲ್ಲ. ತಂತ್ರಜ್ಞರು ಪ್ರೋಗ್ರಾಮರ್ ಯಂತ್ರ ತಂದು ಪೇಸ್‌ಮೇಕರ್‌ನೊಂದಿಗೆ ಸಂಪರ್ಕ ಸಾಧಿಸುತ್ತಾರೆ. ಬ್ಯಾಟರಿ ಎಷ್ಟಿದೆ, ತಂತಿಯ ವಿದ್ಯುತ್ ತಡೆ ಎಷ್ಟು, ಹೃದಯವನ್ನು ಬಡಿಸಲು ಕನಿಷ್ಠ ಎಷ್ಟು ವೋಲ್ಟ್ ಬೇಕು ಎಂಬುದೆಲ್ಲ ಪರದೆಯ ಮೇಲೆ ಬರುತ್ತದೆ, ಅದನ್ನು ಬರೆದಿಡುತ್ತಾರೆ. ರೋಗಿ ಪೂರ್ತಿ ಪೇಸ್‌ಮೇಕರ್ ಮೇಲೆಯೇ ಅವಲಂಬಿತರಾಗಿದ್ದರೆ, ಆಲಿಸುವುದನ್ನು ಬಿಟ್ಟು ಸಮಗತಿಯಲ್ಲಿ ಬಡಿಯುತ್ತಲೇ ಇರುವಂತೆ ಬದಲಿಸುತ್ತಾರೆ. ಐಸಿಡಿಯ ಶಾಕ್ ಆರಿಸಿ, ಹೊರಗಿನ ಡಿಫಿಬ್ರಿಲೇಟರ್ ಪ್ಯಾಡ್ ಅಂಟಿಸುತ್ತಾರೆ. ಅಬ್ಲೇಷನ್ನಿನ ವಿದ್ಯುತ್ ದೇಹದಿಂದ ಮರಳುವ ಪ್ಯಾಚ್ ಪೇಸ್‌ಮೇಕರ್‌ನಿಂದ ದೂರ ಇರುತ್ತದೆ. ಎಲ್ಲ ಮುಗಿದ ಮೇಲೆ ಮತ್ತೆ ಅದೇ ಅಳತೆ ತೆಗೆದು, ಹಳೆಯ ಅಂಕಿಗಳೊಂದಿಗೆ ಹೋಲಿಸಿ, ಹಳೆಯ ಸೆಟ್ಟಿಂಗ್‌ಗೆ ತರುತ್ತಾರೆ. ಎ.ವಿ. ನೋಡ್ ಸುಟ್ಟವರಿಗೆ ಮೊದಲ ಕೆಲವು ವಾರ, ತಿಂಗಳು ಬಡಿತವನ್ನು ನಿಮಿಷಕ್ಕೆ 80–90ರಲ್ಲಿ ಇಡುವುದು ರೂಢಿ. ಆರಂಭದ ದಿನಗಳಲ್ಲಿ ಕಂಡ ಹಠಾತ್ ಸಾವುಗಳಿಂದ ಕಲಿತ ಪಾಠವದು. ನನ್ನ ಮಟ್ಟಿಗೆ ಈ ಕ್ಷೇತ್ರದ ಸುರಕ್ಷತೆಯ ದೊಡ್ಡ ಪಾಲು ಈ ಸರಳ ಶಿಸ್ತಿನದ್ದು.

1998ರಲ್ಲಿ ಫ್ರಾನ್ಸಿನ ಬೋರ್ಡೊ ನಗರದ ಮಿಷೆಲ್ ಹೈಸಾಗೆರ್ ತಂಡ, ಮೇಲಿನ ಕೋಣೆ ಕಂಪಿಸುವ ಏಟ್ರಿಯಲ್ ಫಿಬ್ರಿಲೇಷನ್‌ಗೆ ಕಿಡಿ ಹುಟ್ಟುವುದು ಹೆಚ್ಚಾಗಿ ಶ್ವಾಸಕೋಶದ ಅಭಿಧಮನಿಗಳಲ್ಲಿ ಎಂದು ತೋರಿಸಿತು. ಅಬ್ಲೇಷನ್ ಒಮ್ಮೆಲೇ ಸಾವಿರಾರು ಜನರ ಚಿಕಿತ್ಸೆಯಾಯಿತು. ಇವರಲ್ಲಿ ಹಲವರಿಗೆ ಆಗಲೇ ಪೇಸ್‌ಮೇಕರ್ ಇತ್ತು. ಹೊಸ ಚಿಂತೆ ತಂತಿಯದ್ದು: ಉದ್ದ ನಳಿಕೆಗಳು ಹೃದಯದ ಬಲಗಡೆಯ ಮೇಲಿನ ಕೋಣೆಯನ್ನು ದಾಟುವಾಗ ಅಲ್ಲಿನ ತಂತಿ ಜರುಗಬಹುದು. ನೆಟ್ಟ ಸಸಿ ಬೇರು ಬಿಡುವ ಹಾಗೆ ತಂತಿಯ ತುದಿಗೂ ಹೃದಯದ ಗೋಡೆ ಹಿಡಿದುಕೊಳ್ಳಲು ಕೆಲವು ವಾರ ಬೇಕು. ಆದ್ದರಿಂದ ಪೇಸ್‌ಮೇಕರ್ ಹೊಸದಾಗಿ ಹಾಕಿದ್ದರೆ, ತುರ್ತಿಲ್ಲದ ಅಬ್ಲೇಷನ್ನನ್ನು ಮುಂದೂಡುವುದೇ ಮೇಲು.

ಇನ್ನು ಫಲ. 2007ರ ಸ್ಮ್ಯಾಷ್-ವಿಟಿ ಅಧ್ಯಯನದಲ್ಲಿ ಐಸಿಡಿ ಇದ್ದ 128 ಹೃದಯಾಘಾತದ ರೋಗಿಗಳಿದ್ದರು. ಸಾಧನ ಚಿಕಿತ್ಸೆ ಕೊಡಬೇಕಾಗಿ ಬಂದದ್ದು ಅಬ್ಲೇಷನ್ ಆದವರಲ್ಲಿ ಶೇ 12, ಆಗದವರಲ್ಲಿ ಶೇ 33. 2018ರ ಕ್ಯಾಸಲ್-ಎಎಫ್ ಅಧ್ಯಯನದ 363 ಹೃದಯವೈಫಲ್ಯದ ರೋಗಿಗಳೆಲ್ಲರಿಗೂ ಎದೆಯಲ್ಲಿ ಸಾಧನವಿತ್ತು. ಸಾವು ಅಥವಾ ಹೃದಯವೈಫಲ್ಯಕ್ಕಾಗಿ ಆಸ್ಪತ್ರೆ ಸೇರುವುದು ಅಬ್ಲೇಷನ್ ಗುಂಪಿನಲ್ಲಿ ಶೇ 28.5, ಔಷಧ ಗುಂಪಿನಲ್ಲಿ ಶೇ 44.6.  2021ರಲ್ಲಿ ಶೈನ್‌ಮನ್ ಕಾಲದ ಹಳೆಯ ವಿಧಾನವೂ ಮರಳಿ ಮಾನ್ಯತೆ ಪಡೆಯಿತು: ಎಪಿಎಎಫ್-ಸಿಆರ್‌ಟಿ ಅಧ್ಯಯನದ 133 ರೋಗಿಗಳಲ್ಲಿ, ಎ.ವಿ. ನೋಡ್ ಸುಟ್ಟು ಕೆಳಗಿನ ಎರಡೂ ಕೋಣೆಗಳನ್ನು ಬಡಿಸುವ ಪೇಸ್‌ಮೇಕರ್ ಹಾಕಿದವರ ಸಾವು ಶೇ 11, ಔಷಧದಲ್ಲಿದ್ದವರದ್ದು ಶೇ 29.

ಈ ಅಂಕಿಗಳನ್ನು ನಮ್ಮ ಊರಿಗೆ ನೇರ ತಂದು ಅಂಟಿಸಬಾರದು. ನಮ್ಮಲ್ಲಿ ಏಟ್ರಿಯಲ್ ಫಿಬ್ರಿಲೇಷನ್ ಬರುವವರಲ್ಲಿ ಬಹಳ ಮಂದಿಗೆ ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟಿರುತ್ತದೆ. ಅವರಿಗೆ ಕವಾಟದ ಚಿಕಿತ್ಸೆ ಮೊದಲು. ಪಲ್ಸ್ಡ್ ಫೀಲ್ಡ್ ಎಂಬ, ಶಾಖವಿಲ್ಲದೆ ಕ್ಷಣಾರ್ಧದ ವಿದ್ಯುತ್ ಸ್ಪಂದಗಳಿಂದ ಮಾಡುವ ಹೊಸ ಅಬ್ಲೇಷನ್‌ಗೆ 2023ರ ಕೊನೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ. ಆದರೆ ಪೇಸ್‌ಮೇಕರ್ ಇದ್ದವರಲ್ಲಿ ಅದರ ಅನುಭವ ರೇಡಿಯೊ ತರಂಗದಷ್ಟು ದೀರ್ಘವಲ್ಲ.

ಚಾಮರಾಜನಗರದಲ್ಲಿ ವೈದ್ಯಕೀಯ ಕಾಲೇಜು ಇದೆ. ಆದರೂ ಅಬ್ಲೇಷನ್ನಿಗೆ, ಹೃದಯದ ಬಡಿತ ಸರಿಪಡಿಸುವ ಎಲೆಕ್ಟ್ರೋಫಿಸಿಯಾಲಜಿ ತಜ್ಞರಿರುವ ಮೈಸೂರು, ಬೆಂಗಳೂರಿನ ಹೃದ್ರೋಗ ಕೇಂದ್ರಗಳನ್ನೇ ನೋಡಬೇಕು. ಅಷ್ಟು ದೂರ ಹೋಗುವವರು ಪೇಸ್‌ಮೇಕರ್ ಹಾಕಿದಾಗ ಕೊಟ್ಟ ಕಾರ್ಡನ್ನು ಮನೆಯ ಟ್ರಂಕಿನಲ್ಲಿ ಬಿಟ್ಟು ಹೋಗಬೇಡಿ. ಯಾವ ಕಂಪನಿಯದು, ಎಂದು ಹಾಕಿದ್ದು ಎಂಬುದು ಅದರಲ್ಲೇ ಇರುತ್ತದೆ. ಕಂಪನಿಗೆ ತಕ್ಕ ಪ್ರೋಗ್ರಾಮರ್ ತರಿಸಲು ವೈದ್ಯರಿಗೆ ಅದೇ ಬೇಕು. ಅಬ್ಲೇಷನ್ ಆಗಿ ಮನೆಗೆ ಬಂದ ಮೇಲೆ ಎಷ್ಟೇ ಚೆನ್ನಾಗಿದ್ದೇವೆ ಅನಿಸಿದರೂ, ಹೇಳಿದ ದಿನ ಹೋಗಿ ಪೇಸ್‌ಮೇಕರ್ ತಪಾಸಣೆ ಮಾಡಿಸಿಕೊಳ್ಳಿ.