ಶಾಸನಗಳ ಇಂಗ್ಲಿಷು

ಇಂಗ್ಲಿಷ್ ಭಾಷೆಯಲ್ಲಿ ಕ್ರಿಯಾಪದಗಳನ್ನು ಕಲಿಯುವುದು ಅಷ್ಟೇನೂ ಕಷ್ಟವಲ್ಲ; ಆ ಕ್ರಿಯಾಪದದ ಬೆನ್ನಿಗೆ ಯಾವ ಕಿರುಮಾತು ನಿಲ್ಲತಕ್ಕದ್ದೆಂಬುದನ್ನು ಕಲಿಯುವುದೇ ಕಷ್ಟ. ಟು, ಫಾರ್, ಆನ್, ಇನ್, ವಿತ್, ಆಫ್, ಫ್ರಮ್ ಎಂಬ ಈ ಕಿರುಮಾತುಗಳನ್ನು ವೈಯಾಕರಣರು ಪ್ರೆಪೊಸಿಷನ್‌ಗಳೆಂದು ಕರೆಯುತ್ತಾರೆ. ನಾಮಪದಕ್ಕೆ ಮುಂಚಿತವಾಗಿ ನಿಲ್ಲುವುದರಿಂದ ಅವಕ್ಕೆ ಆ ಹೆಸರು. ಕನ್ನಡದಲ್ಲಿ ಇದೇ ಕೆಲಸವನ್ನು ನಾಮಪದದ ಕೊನೆಗೆ ಹತ್ತಿಕೊಳ್ಳುವ ವಿಭಕ್ತಿಪ್ರತ್ಯಯಗಳು ಮಾಡುತ್ತವೆ. ಕೇಳುಗರಲ್ಲಿ ಅನೇಕರು ಹೈಸ್ಕೂಲಿನಲ್ಲಿ ನೆಸ್‌ಫೀಲ್ಡರ ವ್ಯಾಕರಣವನ್ನೋ, ಅನಂತರ ಬಂದ ರೆನ್ ಮತ್ತು ಮಾರ್ಟಿನರ ಪುಸ್ತಕವನ್ನೋ ಮುಂದಿಟ್ಟುಕೊಂಡು, ಯಾವ ಕ್ರಿಯೆಗೆ ಯಾವ ಪ್ರೆಪೊಸಿಷನ್ ಎಂಬ ಪಟ್ಟಿಯನ್ನು ಕಂಠಪಾಠ ಮಾಡಿದ್ದಿರಬಹುದು. ಆ ಪಟ್ಟಿಯನ್ನು ಮತ್ತೆ ಒಪ್ಪಿಸುವುದು ಈ ಭಾಷಣದ ಉದ್ದೇಶವಲ್ಲ. ಈ ಕಿರುಮಾತಿನ ಆಯ್ಕೆಯಲ್ಲಿ ನಮ್ಮ ನಾಡಿನ ಚರಿತ್ರೆಯೇ ಸಿಕ್ಕಿಕೊಂಡ ಒಂದು ಸಂದರ್ಭವಿದೆ, ಅದನ್ನು ಹೇಳಬೇಕೆಂದಿದ್ದೇನೆ.

1902ರಲ್ಲಿ ಎಪಿಗ್ರಾಫಿಯ ಕರ್ನಾಟಿಕ ಗ್ರಂಥಮಾಲೆಯ 5ನೆಯ ಸಂಪುಟವು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಗಿ ಹೊರಬಂದಿತು. ಅದು ಹಾಸನ ಜಿಲ್ಲೆಯ ಶಾಸನಗಳ ಸಂಪುಟ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೊದಲಾದ ತಾಲ್ಲೂಕುಗಳಲ್ಲಿ ದೇವಾಲಯದ ಗೋಡೆಯ ಮೇಲೆ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ಬಿದ್ದಿದ್ದ ಕಲ್ಲುಗಳ ಬರಹವನ್ನು ಕನ್ನಡಲಿಪಿಯಲ್ಲಿಯೂ ರೋಮನ್ ಲಿಪಿಯಲ್ಲಿಯೂ ಕೊಟ್ಟು, ಇಂಗ್ಲಿಷ್ ಭಾಷಾಂತರವನ್ನೂ ಜೊತೆಗಿಟ್ಟವರು ಬೆಂಜಮಿನ್ ಲೂಯಿ ರೈಸ್ ಅವರು. 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಈ ಪಾದ್ರಿಯ ಮಗ ಎಳೆತನದಿಂದ ಕನ್ನಡವನ್ನು ಕೇಳಿ ಬೆಳೆದವರು; ಮೈಸೂರು ಸಂಸ್ಥಾನದ ವಿದ್ಯಾಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದವರು; 1884ರಲ್ಲಿ ನಾಗವರ್ಮನ ಕರ್ಣಾಟಕ ಭಾಷಾಭೂಷಣವನ್ನೂ 1890ರಲ್ಲಿ ಭಟ್ಟಾಕಳಂಕನ ಶಬ್ದಾನುಶಾಸನವನ್ನೂ ಸಂಪಾದಿಸಿ ಅಚ್ಚುಹಾಕಿಸಿದವರು. ಕನ್ನಡದ ವಿಭಕ್ತಿಗಳು ಅವರಿಗೆ ಹೊಸವಾಗಿರಲಿಲ್ಲ, ಇಂಗ್ಲಿಷಂತೂ ಮನೆಯ ಮಾತು. ಆದರೂ ಎರಡರ ನಡುವೆ ನಿಂತು ಒಂದೊಂದು ಪ್ರತ್ಯಯಕ್ಕೂ ಒಂದೊಂದು ಕಿರುಮಾತನ್ನು ಆರಿಸುವಾಗ ಕೇವಲ ಭಾಷಾಜ್ಞಾನ ಸಾಕಾಗುವುದಿಲ್ಲ.

ಮೊದಲು ದಾನಶಾಸನಗಳನ್ನು ತೆಗೆದುಕೊಳ್ಳೋಣ. ಹೊಯ್ಸಳರ ಕಾಲದ ದಾನಶಾಸನಗಳಲ್ಲಿ ಒಂದು ಕ್ರಮವನ್ನು ಮತ್ತೆ ಮತ್ತೆ ಕಾಣುತ್ತೇವೆ. ದೇವರ ಅಂಗಭೋಗಕ್ಕೆ, ರಂಗಭೋಗಕ್ಕೆ, ದೇವಾಲಯದ ಜೀರ್ಣೋದ್ಧಾರಕ್ಕೆ ಎಂದು ಹೇಳಿ, ಆಚಾರ್ಯನೊಬ್ಬನ ಕಾಲನ್ನು ತೊಳೆದು, ಧಾರಾಪೂರ್ವಕವಾಗಿ ಭೂಮಿಯನ್ನು ಬಿಡುತ್ತಾರೆ. ಇಲ್ಲಿ ಚತುರ್ಥೀ ವಿಭಕ್ತಿಯೊಂದೇ ಎರಡು ಕೆಲಸಗಳನ್ನು ಮಾಡುತ್ತದೆ. ಪಡೆಯುವವನು ಯಾರೆಂಬುದನ್ನೂ ಅದೇ ಹೇಳುತ್ತದೆ, ಪ್ರಯೋಜನವೇನೆಂಬುದನ್ನೂ ಅದೇ ಹೇಳುತ್ತದೆ. ಕೊಡುವ ಕ್ರಿಯೆಗೆ ಇಂಗ್ಲಿಷು ಇವೆರಡನ್ನೂ ಬೇರೆಮಾಡುತ್ತದೆ. ಪಡೆಯುವವನಿಗೆ ಟು, ಪ್ರಯೋಜನಕ್ಕೆ ಫಾರ್. ‘ದೇವರಿಗೆ ಬಿಟ್ಟ ಭೂಮಿ’ ಎಂಬಲ್ಲಿ ಭಾಷಾಂತರಕಾರನು ಟು ಎಂದು ಬರೆದರೆ ದೇವರೇ ಒಡೆಯ. ಫಾರ್ ಎಂದು ಬರೆದರೆ ದೇವರ ಸೇವೆಗಾಗಿ ಭೂಮಿ ಇನ್ನೊಬ್ಬನ ಕೈ ಸೇರಿತೆಂಬ ಅರ್ಥಕ್ಕೂ ಎಡೆಯುಂಟು. ಕಾಲು ತೊಳೆಸಿಕೊಂಡ ಆಚಾರ್ಯನು ಭೂಮಿಯ ಒಡೆಯನೋ, ಅಥವಾ ದೇವರ ಪರವಾಗಿ ಕೈಯೊಡ್ಡಿದವನು ಮಾತ್ರವೋ? ಇದು ವ್ಯಾಕರಣದ ತಕರಾರಲ್ಲ, ಹೊಲದ ತಕರಾರು. ಇನಾಮು ಜಮೀನಿನ ವ್ಯವಹಾರವನ್ನು ಕಂಡವರಿಗೆ ಇದರ ಭಾರ ಎಷ್ಟೆಂಬುದು ಗೊತ್ತು.

ವೀರಗಲ್ಲುಗಳಲ್ಲಿ ಅಪಾಯವು ಇನ್ನೂ ಹೆಚ್ಚು. ಹಾಸನದ ಸೀಮೆಯಲ್ಲಿ ವೀರಗಲ್ಲಿಲ್ಲದ ಹಳ್ಳಿಗಳು ವಿರಳ. ತುರುಗಳನ್ನು ಕಳ್ಳರು ಹಿಡಿದುಕೊಂಡು ಹೋಗುವಾಗ, ಊರು ಅಳಿಯುವಾಗ, ಒಬ್ಬ ಬಂಟನು ಕಾದಿ ಸತ್ತು ಸ್ವರ್ಗಕ್ಕೆ ಹೋದನೆಂದು ಅವು ಸಾರುತ್ತವೆ. ಕನ್ನಡದಲ್ಲಿ ‘ಅವನೊಡನೆ ಕಾದಿದನು’ ಎಂದರೆ ಅವನಿಗೆ ಎದುರಾಗಿ ಎಂದೇ ಅರ್ಥ. ‘ಅವನೊಡನೆ ಹೋದನು’ ಎಂದರೆ ಅವನ ಜೊತೆಗಾರನಾಗಿ. ಅರಸನೊಡನೆ ಹೋಗಿ ಹಗೆಯೊಡನೆ ಕಾದಿದನೆಂದರೆ ನಮಗೆ ಸ್ವಲ್ಪವೂ ಗೊಂದಲವಿಲ್ಲ. ಒಡನೆ ಎಂಬುದು ಎರಡು ಕಡೆಯೂ ಒಂದೇ. ಅರ್ಥವನ್ನು ತಿರುಗಿಸಿದ್ದು ಕ್ರಿಯಾಪದ. ಇಂಗ್ಲಿಷಿನಲ್ಲಿ ಫೈಟ್ ಎಂಬ ಕ್ರಿಯೆಗೆ ವಿತ್ ಸೇರಿಸಿದರೆ ಎದುರಾಳಿಯೂ ಆಗಬಹುದು, ಸಂಗಡಿಗನೂ ಆಗಬಹುದು. ‘ಗಂಗರೊಡನೆ ಕಾದಿದನು’ ಎಂಬುದನ್ನು ಪದಕ್ಕೆ ಪದವಿಟ್ಟು ಇಂಗ್ಲಿಷಿಗೆ ತಿರುಗಿಸಿದನೆನ್ನಿ. ಕನ್ನಡವನ್ನರಿಯದ ಓದುಗನೊಬ್ಬನು ಅದನ್ನು ನಂಬಿ, ಸತ್ತ ವೀರನನ್ನು ಗಂಗರ ಪಕ್ಷಕ್ಕೆ ಸೇರಿಸಿಬಿಡಬಹುದು. ಎಗೆನ್ಸ್ಟ್ ಎಂದು ಬರೆದರೆ ಆ ಭಯವಿಲ್ಲ. ಒಂದು ಮಾತು ತಪ್ಪಿದರೆ ಒಂದು ವಂಶದ ಮೈತ್ರಿಯೇ ತಲೆಕೆಳಗಾಗುತ್ತದೆ.

ಇಂಗ್ಲಿಷಿನ ವಿತ್ ಹೀಗೆ ಎರಡು ಮುಖದ್ದಾಗಿರುವುದಕ್ಕೆ ಕಾರಣವುಂಟು. ಸಾವಿರ ವರ್ಷಗಳ ಹಿಂದಣ ಇಂಗ್ಲಿಷಿನಲ್ಲಿ ಆ ಮಾತಿಗೆ ಎದುರಾಗಿ ಎಂಬುದೇ ಮುಖ್ಯಾರ್ಥವಾಗಿತ್ತು. ಜೊತೆಗೆ ಎಂಬುದಕ್ಕೆ ಮಿಡ್ ಎಂಬ ಬೇರೊಂದು ಮಾತಿದ್ದಿತು. ಕಾಲಕ್ರಮದಲ್ಲಿ ಮಿಡ್ ಅಳಿಯಿತು, ಅದರ ಆಸ್ತಿಯೆಲ್ಲವೂ ವಿತ್‌ಗೆ ಬಂದಿತು. ಎದುರುನಿಂತು ತಡೆಯುವುದೆಂಬ ಅರ್ಥದ ವಿತ್‌ಸ್ಟ್ಯಾಂಡ್ ಎಂಬ ಶಬ್ದದಲ್ಲಿ ಹಳೆಯ ಅರ್ಥವು ಇಂದಿಗೂ ಉಳಿದಿದೆ. ಆ ಕಾಲದ ಇಂಗ್ಲಿಷಿಗೂ ನಮ್ಮಂತೆಯೇ ವಿಭಕ್ತಿಪ್ರತ್ಯಯಗಳಿದ್ದುವು. ಅವು ಕ್ರಮೇಣ ಸವೆದು, 14ನೆಯ ಶತಮಾನದಲ್ಲಿ ಚಾಸರ್ ಕವಿಯು ಬರೆಯುವ ಹೊತ್ತಿಗೆ ಬಹುಮಟ್ಟಿಗೆ ಅಳಿದುಹೋಗಿದ್ದುವು. ಪ್ರತ್ಯಯಗಳು ಬಿಟ್ಟುಹೋದ ಮನೆಗೆ ಪ್ರೆಪೊಸಿಷನ್‌ಗಳು ಒಕ್ಕಲು ಬಂದುವು. ಯಾವ ಕ್ರಿಯಾಪದಕ್ಕೆ ಯಾವುದು ಜೊತೆಯಾಯಿತೆಂಬುದು ಬಹುಮಟ್ಟಿಗೆ ರೂಢಿಯ ಮಾತು, ತರ್ಕದ ಮಾತಲ್ಲ. ಡಿಪೆಂಡ್ ಎಂಬ ಕ್ರಿಯೆಯನ್ನೇ ನೋಡಿ. ಅದರ ಲ್ಯಾಟಿನ್ ಮೂಲಕ್ಕೆ ಒಂದರಿಂದ ತೂಗುಬೀಳು ಎಂದರ್ಥ; ಫ್ರೆಂಚರು ಇಂದಿಗೂ ‘ಇಂದ’ ಎಂಬರ್ಥದ ಮಾತನ್ನೇ ಅದರ ಜೊತೆಗೆ ಬಳಸುತ್ತಾರೆ. ಇಂಗ್ಲಿಷರು ಮಾತ್ರ ‘ಮೇಲೆ’ ಎಂಬರ್ಥದ ಆನ್ ಹಾಕಿದರು. ತೂಗುತ್ತಿದ್ದವನನ್ನು ಎತ್ತಿ ಕೂರಿಸಿಬಿಟ್ಟರು.

ರೂಢಿಯ ಈ ಸ್ವಾತಂತ್ರ್ಯವು ನಮ್ಮಲ್ಲಿಯೂ ಕಡಿಮೆಯಲ್ಲ. ಹೆದರುವ ಕ್ರಿಯೆಗೆ ಭಯದ ಕಾರಣವು ಸಂಸ್ಕೃತದಲ್ಲಿ ಪಂಚಮಿಯಲ್ಲಿರಬೇಕೆಂದು ಪಾಣಿನಿಯು ವಿಧಿಸಿದ್ದಾನೆ. ಕನ್ನಡಿಗನು ಹುಲಿಗೆ ಹೆದರುತ್ತಾನೆ, ಚತುರ್ಥಿಯಲ್ಲಿ. ಇಂಗ್ಲಿಷಿನಲ್ಲಿ ಫಿಯರ್ ಎಂಬುದಕ್ಕೆ ಯಾವ ಕಿರುಮಾತೂ ಬೇಡ, ಹುಲಿ ನೇರವಾಗಿ ಕರ್ಮ. ಹುಲಿಯೊಂದೇ, ಹೆದರಿಕೆಯೂ ಒಂದೇ, ಬೇರೆಯಾದುದು ರೂಢಿ. ಒಂದು ವಿಭಕ್ತಿಯ ಎಡೆಯಲ್ಲಿ ಇನ್ನೊಂದು ಬರುವುದನ್ನು ನಮ್ಮ ವೈಯಾಕರಣರು ವಿಭಕ್ತಿಪಲ್ಲಟವೆಂದು ಗುರುತಿಸಿದ್ದರು. ಸಂಸ್ಕೃತದ ಏಳು ವಿಭಕ್ತಿಗಳ ಅಚ್ಚಿನಲ್ಲಿ ಕನ್ನಡವನ್ನು ಎರಕ ಹೊಯ್ಯಹೋದವರಿಗೆ ಪಂಚಮಿ ಯಾವಾಗಲೂ ತೊಂದರೆ ಕೊಟ್ಟಿದೆ. ಶಾಲೆಯಲ್ಲಿ ‘ರಾಮನ ದೆಸೆಯಿಂದ’ ಎಂದು ಹೇಳಿಕೊಟ್ಟರೂ ಬೀದಿಯಲ್ಲಿ ಹಾಗೆ ಮಾತಾಡುವವರನ್ನು ನಾನು ಕಂಡಿಲ್ಲ. ಹಾಸನದಿಂದ ಬಂದ, ಕತ್ತಿಯಿಂದ ಕಡಿದ, ಜ್ವರದಿಂದ ಸತ್ತ, ಸೋಮವಾರದಿಂದ ಕಾದ: ನಮ್ಮ ಒಂದೇ ‘ಇಂದ’ಕ್ಕೆ ಇಂಗ್ಲಿಷು ಕ್ರಮವಾಗಿ ಫ್ರಮ್, ವಿತ್, ಆಫ್, ಸಿನ್ಸ್ ಎಂಬ ನಾಲ್ಕನ್ನು ಕೇಳುತ್ತದೆ.

ರೈಸರಿಗೆ ಐದನೆಯದೊಂದೂ ಬೇಕಾಯಿತು. ಅರಸನು ನೆಲೆವೀಡಿನಲ್ಲಿ ‘ಸುಖಸಂಕಥಾವಿನೋದದಿಂ’ ರಾಜ್ಯವಾಳುತ್ತಿದ್ದನೆಂಬುದು ಶಾಸನಗಳ ಸಿದ್ಧವಾಕ್ಯ. ಇಲ್ಲಿಯ ‘ಇಂ’ಗೆ ಅವರು ಬೈ ಎಂದಾಗಲಿ ವಿತ್ ಎಂದಾಗಲಿ ಹಾಕದೆ ಇನ್ ಎಂದು ಹಾಕಿ, ಶಾಂತಿ ಮತ್ತು ವಿವೇಕಗಳಲ್ಲಿ ಆಳುತ್ತಿದ್ದನೆಂಬರ್ಥ ಬರುವಂತೆ ಭಾಷಾಂತರಿಸಿದರು. ಪ್ರತ್ಯಯದ ಮಟ್ಟಿಗೆ ಅವರ ಆಯ್ಕೆ ಸರಿಯೆಂದೇ ನನ್ನ ಮತ. ಸಂಕಥಾವಿನೋದವನ್ನು ವಿವೇಕವಾಗಿಸಿದ್ದು ಮಾತ್ರ ಅರಸರ ಮೇಲಣ ದಾಕ್ಷಿಣ್ಯ. ಒಳ್ಳೆಯ ಮಾತುಕತೆಯ ಸಂತೋಷವೇ ಬೇರೆ, ವಿವೇಕವೇ ಬೇರೆ.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಈ ವಿಷಯಕ್ಕೆ ಕಲ್ಲಿನಲ್ಲಿಯೇ ಕೊರೆದ ಪಾಠವಿದೆ. ಗೊಮ್ಮಟನ ಪಾದದ ಬಳಿ, ಮೂರ್ತಿಯನ್ನು ಮಾಡಿಸಿದವನು ಯಾರೆಂಬುದನ್ನು ಕನ್ನಡ, ತಮಿಳು, ಮರಾಠಿ ಮೂರರಲ್ಲಿಯೂ ಬರೆದಿದ್ದಾರೆ. ಕನ್ನಡದಲ್ಲಿ ಚಾಮುಂಡರಾಜನು ಪ್ರಥಮಾ ವಿಭಕ್ತಿಯಲ್ಲಿ ಕರ್ತೃವಾಗಿ ನಿಂತು ‘ಮಾಡಿಸಿದಂ’ ಎನ್ನಿಸಿಕೊಳ್ಳುತ್ತಾನೆ; ತಮಿಳಿನಲ್ಲಿಯೂ ಹಾಗೆಯೇ. ಮರಾಠಿಯಲ್ಲಿ ‘ಚಾವುಂಡರಾಜೇಂ ಕರವಿಯಲೇಂ’ ಎಂದು ತೃತೀಯಾ ಬಂದಿದೆ. ಚಾವುಂಡರಾಜನಿಂದ ಮಾಡಿಸಲ್ಪಟ್ಟಿತು ಎಂಬ ಧಾಟಿ. ಇಂಗ್ಲಿಷಿಗೆ ತರುವಾಗ ಕನ್ನಡದ ಸಾಲಿಗೆ ಪ್ರೆಪೊಸಿಷನ್ ಬೇಡವೇ ಬೇಡ, ಮರಾಠಿಯ ಸಾಲಿಗೆ ಬೈ ಬೇಕು. ಸಂಗತಿಯೊಂದೇ, ಕಲ್ಲೂ ಒಂದೇ. ಈ ಕ್ಷೇತ್ರದ ಶಾಸನಗಳನ್ನು ರೈಸರು 1889ರಲ್ಲಿ ಮೊದಲು ಪ್ರಕಟಿಸಿದರು; 1923ರಲ್ಲಿ ಅದನ್ನು ಪರಿಷ್ಕರಿಸಿ ವಿಸ್ತರಿಸಿದವರು ಆರ್. ನರಸಿಂಹಾಚಾರ್ಯರು. ಇಂಗ್ಲಿಷ್ ಕಲಿಸುವವರು ವಿದ್ಯಾರ್ಥಿಗಳನ್ನು ವಿಹಾರಕ್ಕೆ ಬೆಟ್ಟ ಹತ್ತಿಸಿದಾಗ ಈ ಮೂರು ಸಾಲುಗಳ ಮುಂದೆ ಅರ್ಧಗಂಟೆ ನಿಲ್ಲಿಸಿದರೆ, ಒಂದು ತಿಂಗಳ ಕಂಠಪಾಠ ಉಳಿದೀತು.

ನಮ್ಮ ವಿದ್ಯಾರ್ಥಿಗಳ ತಪ್ಪುಗಳೆಲ್ಲ ಮಾತೃಭಾಷೆಯ ದೋಷವೆಂದು ಹೇಳುವುದು ವಾಡಿಕೆ. ಅದು ಅರ್ಧ ಮಾತ್ರ ನಿಜ. ‘ವಿಷಯದ ಬಗ್ಗೆ ಚರ್ಚಿಸಿದರು’ ಎಂಬ ಅಭ್ಯಾಸದಿಂದ ಡಿಸ್ಕಸ್ ಎಂಬುದಕ್ಕೆ ಬೇಡದ ಎಬೌಟ್ ಅಂಟುತ್ತದೆ, ಸರಿ. ಆದರೆ ಮ್ಯಾರಿ ಎಂಬುದಕ್ಕೆ ವಿತ್ ಸೇರಿಸುವವನು ಕನ್ನಡವನ್ನು ಅನುಸರಿಸಿ ತಪ್ಪುತ್ತಿಲ್ಲ. ‘ಅವಳನ್ನು ಮದುವೆಯಾದನು’ ಎಂಬುದೇ ನಮ್ಮ ಹಳ್ಳಿಯ ಮಾತು. ಅದನ್ನು ಹಾಗೆಯೇ ಅನುಸರಿಸಿದ್ದರೆ ಕಿರುಮಾತಿಲ್ಲದ ಶುದ್ಧ ಇಂಗ್ಲಿಷೇ ಬರುತ್ತಿತ್ತು!

1908ರಲ್ಲಿ ಹಾಸನದಲ್ಲಿಯೇ ಹುಟ್ಟಿದ ರಾಜಾರಾವ್ ಅವರು 1938ರಲ್ಲಿ ಕಾಂತಾಪುರವೆಂಬ ಇಂಗ್ಲಿಷ್ ಕಾದಂಬರಿಯನ್ನು ಪ್ರಕಟಿಸಿ, ಪರಭಾಷೆಯಲ್ಲಿ ನಮ್ಮ ಮಾತಿನ ಲಯವನ್ನು ತರುವ ಕಷ್ಟವನ್ನು ಅದರ ಮುನ್ನುಡಿಯಲ್ಲಿ ಹೇಳಿಕೊಂಡರು. ಅವರು ವಾಕ್ಯವನ್ನು ಉದ್ದುದ್ದಕ್ಕೆ ಹರಿಯಬಿಟ್ಟರು, ನಮ್ಮ ನುಡಿಗಟ್ಟುಗಳನ್ನು ಧೈರ್ಯವಾಗಿ ಒಳಕ್ಕೆ ಕರೆದುಕೊಂಡರು. ಕ್ರಿಯಾಪದಕ್ಕೂ ಅದರ ಕಿರುಮಾತಿಗೂ ಇರುವ ನಂಟನ್ನು ಮಾತ್ರ, ನನಗೆ ತೋರುವ ಮಟ್ಟಿಗೆ, ಬಹಳವಾಗಿ ಕದಲಿಸಲಿಲ್ಲ.

ಈಗ ಸಾಲವು ಎದುರುದಿಕ್ಕಿಗೂ ಹರಿಯತೊಡಗಿದೆ. ಅವಲಂಬಿಸು ಎಂಬ ಕ್ರಿಯೆಗೆ ಕನ್ನಡದಲ್ಲಿ ದ್ವಿತೀಯಾ ವಿಭಕ್ತಿ. ಅದರ ಸಂಸ್ಕೃತ ಧಾತುವಿಗೂ ತೂಗುವುದೆಂದೇ ಅರ್ಥ. ಬೇಸಾಯವು ಮಳೆಯನ್ನು ಅವಲಂಬಿಸಿದೆ ಎನ್ನಬೇಕಾದಲ್ಲಿ ಪತ್ರಿಕೆಗಳು ‘ಮಳೆಯ ಮೇಲೆ ಅವಲಂಬಿತವಾಗಿದೆ’ ಎಂದು ಬರೆಯುತ್ತವೆ. ಆ ‘ಮೇಲೆ’ ಡಿಪೆಂಡ್ ಎಂಬುದರ ಬೆನ್ನಿಂದ ಇಳಿದು ಬಂದ ಆನ್. ಅರಕಲಗೂಡಿನ ರೈತನನ್ನು ಕೇಳಿದರೆ, ಮಳೆಯನ್ನೇ ನಂಬಿಕೊಂಡಿದ್ದೇವೆ ಎಂದಾನೆ.