ನಾವು ಬರುವ ಮೊದಲಿನ ಡೊಂಬಿವಲಿ

ನಮ್ಮ ಹಿರಿಯರು ನಾಲ್ಕು ಜನ ಸೇರಿದರೆ ಒಂದು ಮಾತು ತಪ್ಪದೆ ಬರುತ್ತದೆ: "ನಾವು ಬಂದಾಗ ಡೊಂಬಿವಲಿಯಲ್ಲಿ ಏನಿತ್ತು ಮಾರಾಯರೆ? ಬರೀ ಕೆಸರು, ಹಾವು, ಕತ್ತಲೆ." ಈ ಮಾತನ್ನು ನಂಬಿಕೊಂಡೇ ಬೆಳೆದವನು ನಾನು. ಒಂದು ದಿನ ನಮ್ಮ ಕಟ್ಟಡದ ಹಿಂದಿನ ಹಂಚಿನ ಮನೆಯ ಆಗ್ರಿ ಅಜ್ಜಿ ಸೊಸೈಟಿಯ ಗೇಟಿನತ್ತ ಬೆರಳು ತೋರಿಸಿ, "ಇಲ್ಲೇ ನಮ್ಮ ಕಣವಿತ್ತು" ಎಂದರು. ನನಗೆ ಉತ್ತರ ತೋಚಲಿಲ್ಲ. ಕಣವಿತ್ತೆಂದ ಮೇಲೆ ಗದ್ದೆಯಿತ್ತು. ಗದ್ದೆಯಿತ್ತೆಂದ ಮೇಲೆ ಊರೂ ಇತ್ತು.

ಆ ಊರು ಒಂದೇ ಆಗಿರಲಿಲ್ಲ. ಪಾಥರ್ಲಿ, ಚೋಳೆ, ಆಯರೆ, ಠಾಕುರ್ಲಿ, ಕಾಂಚನಗಾವ್ ಮುಂತಾದ ಪುಟ್ಟ ಹಳ್ಳಿಗಳು ಉಲ್ಲಾಸ ನದಿಯ ಖಾಡಿಯ ಆಸುಪಾಸಿನಲ್ಲಿ ಹರಡಿಕೊಂಡಿದ್ದವು. ಆಗ್ರಿಗಳು ಬೇಸಾಯ ಮಾಡಿದರೆ, ಕೋಳಿಗಳು ಮೀನು ಹಿಡಿಯುತ್ತಿದ್ದರು. ಖಾಡಿಯಂಚಿನ ಭೂಮಿ ಸುಮ್ಮನೆ ಬೆಳೆ ಕೊಡುವಂಥದ್ದಲ್ಲ. ಭರತದ ಉಪ್ಪುನೀರು ನುಗ್ಗದಂತೆ ಮಣ್ಣಿನ ಒಡ್ಡು ಕಟ್ಟಬೇಕು. ಮಳೆಗಾಲದ ಸಿಹಿನೀರು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಭತ್ತ ನಾಟಿ ಮಾಡಬೇಕು. ಒಂದು ಕಡೆ ಒಡ್ಡು ಒಡೆದರೆ ಎಲ್ಲರ ಗದ್ದೆಯೂ ಹಾಳು. ಆದ್ದರಿಂದ ಅದನ್ನು ಕಾಯುವುದು ಇಡೀ ಊರಿನ ಕೆಲಸವಾಗಿತ್ತು. ಇಂಥ ನೆಲಕ್ಕೆ ಇಲ್ಲಿ ಖಾರ್ ಎನ್ನುತ್ತಾರೆ.

ಕುಮಟಾ ಕಡೆಯ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಘನಾಶಿನಿಯ ದಡದಲ್ಲಿ ಇದೇ ಬಗೆಯ ಗಜನಿ ಗದ್ದೆಗಳಿವೆ. ಅಲ್ಲಿ ಉಪ್ಪನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ. ಆಗ್ರಿ ಎಂಬ ಹೆಸರು ಉಪ್ಪಿನ ಆಗರದಿಂದ ಬಂದದ್ದು ಎನ್ನುತ್ತಾರೆ. ಉತ್ತರ ಕನ್ನಡದಲ್ಲೂ ಉಪ್ಪು ತಯಾರಿಸುತ್ತಿದ್ದ ಆಗೇರರಿದ್ದಾರೆ. ಒಂದೇ ಕಡಲು, ಒಂದೇ ಕಸುಬು!

ನಂಟು ಇಷ್ಟಕ್ಕೇ ಮುಗಿಯುವುದಿಲ್ಲ. ಠಾಣೆಯನ್ನು ರಾಜಧಾನಿ ಮಾಡಿಕೊಂಡು ಈ ಸೀಮೆಯನ್ನು ಆಳಿದ ಶಿಲಾಹಾರರು ಮೊದಲಿಗೆ ರಾಷ್ಟ್ರಕೂಟರ ಸಾಮಂತರಾಗಿದ್ದರು. ಕಾನ್ಹೇರಿ ಗುಹೆಗಳಲ್ಲಿರುವ ಒಂಬತ್ತನೆಯ ಶತಮಾನದ ಶಾಸನಗಳು ಅಮೋಘವರ್ಷನನ್ನು, ಅಂದರೆ ನಮ್ಮ ನೃಪತುಂಗನನ್ನು, ಒಡೆಯನೆಂದು ಹೆಸರಿಸುತ್ತವೆ. ಅಂಬರನಾಥದ 1060ರ ಶಿವಾಲಯವೂ ಶಿಲಾಹಾರರದೇ. ನಮ್ಮ ಕನ್ನಡ ಇಲ್ಲಿಗೆ ಲೋಕಲ್ ಗಾಡಿ ಹತ್ತಿ ಮೊದಲ ಬಾರಿ ಬಂದದ್ದೇನಲ್ಲ.

ಗಾಡಿಯ ಕಥೆಯೂ ಸ್ವಾರಸ್ಯವಾಗಿದೆ. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ಮೊದಲ ರೈಲು ಓಡಿತು; ಮರುವರ್ಷವೇ ಹಳಿ ಕಲ್ಯಾಣಕ್ಕೆ ತಲುಪಿತು. ಹಳಿ ಈ ಗದ್ದೆಗಳ ನಡುವೆ ಹಾದುಹೋದರೂ ಡೊಂಬಿವಲಿಗೆ ನಿಲ್ದಾಣ ಸಿಕ್ಕಿದ್ದು ಹಲವು ದಶಕಗಳ ನಂತರ. ಆಮೇಲೂ ಊರು ನಿಧಾನವಾಗಿಯೇ ಬೆಳೆಯಿತು. ಮುಂಬಯಿಯ ಇಕ್ಕಟ್ಟಿಗೆ ಬೇಸತ್ತ ಮರಾಠಿ ಮಧ್ಯಮ ವರ್ಗದವರು ಒಬ್ಬೊಬ್ಬರಾಗಿ ಬಂದು ನೆಲೆಸಿದರು. 1924ರಲ್ಲಿ ಗಣೇಶ ಮಂದಿರ ಎದ್ದಿತು. ವಿದ್ಯುತ್ ರೈಲುಗಳ ಕಾಲ ಬಂದಾಗ ಚೋಳೆಯಲ್ಲಿ ರೈಲ್ವೆಯ ವಿದ್ಯುತ್ ಕೇಂದ್ರ ಸ್ಥಾಪನೆಯಾಯಿತು.

ಮಹಾಪೂರ ಬಂದದ್ದು ಸ್ವಾತಂತ್ರ್ಯದ ನಂತರ. 1947ರ ಬಾಡಿಗೆ ಕಾನೂನು ಮುಂಬಯಿಯಲ್ಲಿ ಬಾಡಿಗೆಯನ್ನು ಕಟ್ಟಿಹಾಕಿತು. ಇದ್ದವರಿಗೆ ಅನುಕೂಲವಾಯಿತು, ಹೊಸಬರಿಗೆ ಮಾತ್ರ ಪಾಗಡಿ ಕೊಡದೆ ಕೋಣೆ ಸಿಗದಂತಾಯಿತು. 1960ರ ಸಹಕಾರ ಸಂಘಗಳ ಕಾನೂನು, 1963ರ ಓನರ್‌ಶಿಪ್ ಫ್ಲ್ಯಾಟುಗಳ ಕಾನೂನು ಸಂಬಳದಾರನಿಗೆ ಸ್ವಂತ ಮನೆಯ ದಾರಿ ತೋರಿಸಿದವು. ಅದೇ ದಶಕದಲ್ಲಿ ಕೈಗಾರಿಕಾ ವಸಾಹತೂ ತಲೆ ಎತ್ತಿತು. ಹೋಟೆಲು, ಬ್ಯಾಂಕು, ಸರಕಾರಿ ಕಚೇರಿಗಳಲ್ಲಿ ದುಡಿಯುತ್ತಿದ್ದ ನಮ್ಮವರು ಬಂದದ್ದು ಈ ಅಲೆಯಲ್ಲಿ. ನಮ್ಮವರು ಬರೀ ಮನೆ ಮಾಡಿ ಕೂರಲಿಲ್ಲ; ಕರ್ನಾಟಕ ಸಂಘ ಕಟ್ಟಿದರು, ಮಂಜುನಾಥ ವಿದ್ಯಾಲಯ ನಡೆಸಿದರು. ಇದು ಹೆಮ್ಮೆಯ ಸಂಗತಿಯೇ ಸರಿ.

ಆದರೆ ಲೆಕ್ಕಕ್ಕೆ ಇನ್ನೊಂದು ಬದಿಯೂ ಇದೆ. ನಮ್ಮ ಪ್ರತಿಯೊಂದು ಸೊಸೈಟಿಯ ಅಡಿಪಾಯದ ಕೆಳಗೆ ಯಾರದೋ ಹೊಲವೋ ಗದ್ದೆಯೋ ಇದೆ. 1983ರಲ್ಲಿ ಕಲ್ಯಾಣ-ಡೊಂಬಿವಲಿ ಮಹಾನಗರಪಾಲಿಕೆ ರಚನೆಯಾದಾಗ ಸುತ್ತಲಿನ 27 ಹಳ್ಳಿಗಳನ್ನೂ ಸೇರಿಸಿಕೊಂಡರು. ತೆರಿಗೆ ಬಂತು, ಸೌಕರ್ಯ ಬರಲಿಲ್ಲವೆಂದು ಗ್ರಾಮಸ್ಥರು ಹೋರಾಡಿ 2002ರಲ್ಲಿ ಹೊರಬಂದರು. 2015ರಲ್ಲಿ ಅವನ್ನು ಮತ್ತೆ ಸೇರಿಸಲಾಯಿತು. 2011ರ ಜನಗಣತಿಯಲ್ಲಿ ಪಾಲಿಕೆಯ ಜನಸಂಖ್ಯೆ 12 ಲಕ್ಷ ದಾಟಿತ್ತು. ಇಷ್ಟು ಜನರ ನಡುವೆ ಹಳ್ಳಿಯ ದನಿ ಕೇಳಿಸುವುದು ಸುಲಭವಲ್ಲ.

ಊರು ಬಿಟ್ಟು ಬಂದ ನಮಗೆ ಊರು ಕಳೆದುಕೊಳ್ಳುವ ನೋವು ಗೊತ್ತು. ಆ ಅಜ್ಜಿ ಎಲ್ಲಿಗೂ ಹೋಗಲಿಲ್ಲ. ಇದ್ದಲ್ಲೇ ಅವರ ಊರು ಕಳೆದುಹೋಯಿತು. ನಮ್ಮ ಮಕ್ಕಳಿಗೆ ಅಜ್ಜನ ಊರಿನ ಹೆಸರು ಹೇಳಿಕೊಡುವಾಗ ಪಾಥರ್ಲಿ, ಆಯರೆ, ಚೋಳೆಗಳ ಹೆಸರನ್ನೂ ಹೇಳಿಕೊಡೋಣ. "ನಾವು ಬಂದಾಗ ಇಲ್ಲಿ ಏನೂ ಇರಲಿಲ್ಲ" ಎಂಬ ಮಾತನ್ನಂತೂ ಇನ್ನು ಬಿಟ್ಟುಬಿಡೋಣ.